ಎನೆಲೆಸಿಯ ಕುಂಚಿಗೆ ಟವೆಲು

ನನ್ನ ಒಣಮೀನಿನ ಬುಟ್ಟಿಗಳ ಪಕ್ಕದಲ್ಲೇ ಎನೆಲೆಸಿಯ ನೀಲಿ ಪ್ಲಾಸ್ಟಿಕ್ ಹಾಳೆ. ಲಿಂಬೆ ಪಟ್ಟಣದ ಮಾರ್ಕೆಟ್ಟಿನ ಕೆಳಸಾಲಿನಲ್ಲಿ ಹೀಗೆ ಅಕ್ಕಪಕ್ಕ ಕೂತೇ ನಾವಿಬ್ಬರೂ ತಲೆ ನರೆಸಿಕೊಂಡದ್ದು. ನನ್ನ ಮೀನಿನ ವಾಸನೆ ಅವಳ ಬಟ್ಟೆಗೆ ಹತ್ತುತ್ತದೆಂದು ಅವಳು, ಅವಳ ಗಿರಾಕಿಗಳ ಕೂಸುಗಳು ನನ್ನ ಬುಟ್ಟಿಗೆ ಉಚ್ಚೆ ಹೊಯ್ಯುತ್ತವೆಂದು ನಾನು, ಜಗಳವಾಡದ ದಿನವಿಲ್ಲ. ಮಧ್ಯಾಹ್ನವಾದರೆ ಒಂದೇ ತಟ್ಟೆಗೆ ಕೈ ಹಾಕುತ್ತೇವೆ. ಮನೆಗಳೂ ಅಕ್ಕಪಕ್ಕ, ನಡುವೆ ಒಂದು ಬೇಲಿ, ಆ ಬೇಲಿಗೂ ಎಷ್ಟೋ ಕಡೆ ತೂತು. ಆದ್ದರಿಂದ ಅವಳ ಮನೆಯಲ್ಲಿ ನಡೆದದ್ದನ್ನು ಕಂಡಕಂಡವರು ಬಣ್ಣ ಕಟ್ಟಿ ಹೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ಅವಳು ಮಾರುವುದು ಒಂದೇ ಸಾಮಾನು, ಕೂಸಿನ ಕುಂಚಿಗೆ ಟವೆಲು. ಚೌಕದ ಟವೆಲು, ಒಂದು ಮೂಲೆಗೆ ಕುಲಾವಿ ಹೊಲಿದಿರುತ್ತದೆ. ಮಿಂದ ಕೂಸಿನ ತಲೆಯನ್ನು ಕುಲಾವಿಗೆ ತೂರಿಸಿ, ಉಳಿದದ್ದನ್ನು ಮೈಗೆ ಸುತ್ತಿದರೆ ಆಯಿತು. ಬಿಳಿಯರ ದೇಶದ ಹಳೆ ಬಟ್ಟೆಯ ಮೂಟೆ ಬಿಚ್ಚಿದಾಗ ಉಳಿದ ಹೆಂಗಸರು ಫ್ರಾಕು, ಸ್ವೆಟರು ಅಂತ ಮುಗಿಬೀಳುತ್ತಾರೆ. ಎನೆಲೆಸಿ ಮೊಣಕೈಯಲ್ಲಿ ಎಲ್ಲರನ್ನೂ ತಿವಿದುಕೊಂಡು ಹೋಗಿ ಕುಲಾವಿಯ ಮೂಲೆ ಕಂಡಲ್ಲೆಲ್ಲ ಎಳೆದು ಹೆಗಲಿಗೆ ಹಾಕಿಕೊಳ್ಳುತ್ತಾಳೆ. ಆಮೇಲೆ ಅದನ್ನು ಮಾರುವಾಗ ನೋಡಬೇಕು ನೀವು. ಬಸುರಿ ಹುಡುಗಿಯೊಬ್ಬಳು ಬಂದು ಮೊಲದ ಕಿವಿ ಇರುವುದನ್ನು ಎತ್ತಿಕೊಂಡಳೆನ್ನಿ.

"ಎಷ್ಟ್ ಮುದ್ದಾಗಿದೆ ಅಮ್ಮ! ಇದನ್ನೇ ಕೊಡಿ."

"ಗಂಡನ್ನೂ ಹೀಗೇ ಕಿವಿ ನೋಡಿ ಆರಿಸ್ದೇನೇ?" ಅಂತ ಎನೆಲೆಸಿ ಬಾಟಲಿಯಿಂದ ಒಂದು ಹನಿ ನೀರನ್ನು ಟವೆಲಿನ ಮೇಲೆ ಬಿಡುತ್ತಾಳೆ. "ನೋಡು, ಕೆಸುವಿನ ಎಲೆ ಮೇಲೆ ನಿಂತಂಗೆ ನಿಂತಿದೆ. ಅಲ್ಲಿನೋರು ಅದೇನೋ ಘಮಘಮ ನೀರಲ್ಲಿ ಅದ್ದಿ ಅದ್ದಿ ಇದರ ಬಾಯಿ ಕಟ್ಟಿಬಿಟ್ಟಿದಾರೆ. ಇದನ್ನ ಬಿಸಿನೀರಲ್ಲಿ ಇನ್ನೂ ನಾಕ್ ಸಲ ಕುದಿಸ್ಬೇಕು, ಅಲ್ಲೀತನಕ ಮಾರಲ್ಲ. ಈ ಹಳದಿದು ನೋಡು. ಹನಿ ಎಲ್ಲಿ ಹೋಯ್ತು ಹೇಳು?"

"ಕುಡಿದ್ಬಿಡ್ತು!"

"ಹಾಂ. ಈಗ ಕುಲಾವಿ ಒಳಗೆ ಕೈ ಹಾಕು. ಎರಡು ಪದರ ಸಿಗ್ತಾ? ಒಂದೇ ಪದರ ಇದ್ರೆ ತಲೆ ಬೆಚ್ಚಗಿರಲ್ಲ. ಕಣ್ಣಿನ ಜಾಗಕ್ಕೆ ಗುಂಡಿ ಹೊಲಿದಿದ್ರೆ ಕಿತ್ತು ಬಿಸಾಕು, ಕೂಸು ಮೊದಲು ಅದನ್ನೇ ಬಾಯಿಗೆ ಹಾಕೋದು. ಕಡೇಗೆ ಕೆನ್ನೆಗೆ ಒತ್ತಿ ನೋಡು. ನಿನ್ ಕೆನ್ನೆಗೆ ಚುಚ್ಚಿದ್ದು ಕೂಸಿಗೂ ಚುಚ್ಚುತ್ತೆ."

ಚುಚ್ಚುತ್ತಿರಲಿಲ್ಲ. ಎನೆಲೆಸಿಯ ಟವೆಲೆಂದರೆ ಬೆಕ್ಕಿನ ಮರಿ. ಅದೇ ಅವಳ ಹೆಸರು, ಅದೇ ಅವಳ ಅನ್ನ. ಉಗುರುಬೆಚ್ಚಗಿನ ನೀರು, ಚೂರೇ ಸೋಪು, ನೊರೆ ಪೂರ್ತಿ ಹೋಗುವ ತನಕ ಜಾಲಿಸುವುದು, ಇಷ್ಟು ಯಾರು ಬೇಕಾದರೂ ಮಾಡಿಯಾರು. ಅವಳ ಗುಟ್ಟು ಒಣಗಿಸುವುದರಲ್ಲಿತ್ತು. ಬಿಸಿಲಿಗೆ ಹಾಕಿದರೆ ಟವೆಲು ನನ್ನ ಒಣಮೀನಿನ ಹಾಗೆ ಸೆಟೆದುಕೊಳ್ಳುತ್ತದೆಂದು ಅವಳು ಅಂಗಳದ ಮಾವಿನ ಮರದ ನೆರಳಿನಲ್ಲಿ ಹಗ್ಗ ಕಟ್ಟಿ ಗಾಳಿಗೆ ಒಣಗಿಸುತ್ತಿದ್ದಳು. ಇಸ್ತ್ರಿ ಪೆಟ್ಟಿಗೆಯನ್ನಂತೂ ಹತ್ತಿರಕ್ಕೇ ಸೇರಿಸುತ್ತಿರಲಿಲ್ಲ. "ಇಸ್ತ್ರಿ ಇಟ್ರೆ ನೂಲು ಸತ್ತು ಮಲಗುತ್ತೆ. ಎದ್ದ ನೂಲೇ ನೀರು ಕುಡಿಯೋದು," ಅನ್ನುತ್ತಿದ್ದಳು.

ನಮ್ಮಲ್ಲಿ ಚಡ್ಡಿಯಿಂದ ಹಿಡಿದು ಚಾದರದ ತನಕ ಇದ್ದಿಲ ಇಸ್ತ್ರಿ ಹಾಕುವುದು ಶೋಕಿಗಲ್ಲ. ಒದ್ದೆ ಬಟ್ಟೆಯ ಮೇಲೆ, ಅದರಲ್ಲೂ ನೆರಳಲ್ಲಿ ತೂಗುವ ಬಟ್ಟೆಯ ಮೇಲೆ, ಒಂದು ಹಾಳು ನೊಣ ಮೊಟ್ಟೆ ಇಡುತ್ತದೆ. ಆ ಬಟ್ಟೆ ಮೈಗೆ ತಾಗಿದರೆ ಮರಿಹುಳ ಚರ್ಮದೊಳಗೆ ಹೊಕ್ಕು, ಕುರು ಎದ್ದು, ಒಳಗೇ ಕೂತು ಬೆಳೆಯುತ್ತದೆ. ಇಸ್ತ್ರಿಯ ಬಿಸಿಗೆ ಮೊಟ್ಟೆ ಸಾಯುತ್ತದೆ, ಅಷ್ಟೇ ವಿಷಯ. ಎನೆಲೆಸಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮೊಮ್ಮಗಳಿಗೆ ಕಟ್ಟುವ ಲಂಗೋಟಿಗಳನ್ನು ಎರಡೂ ಬದಿ ಇಸ್ತ್ರಿ ಹಾಕಿಸದೆ ಮುಟ್ಟುತ್ತಿರಲಿಲ್ಲ. ಟವೆಲಿನ ವಿಷಯ ಬಂದಾಗ ಮಾತ್ರ ಬೇರೆ ನ್ಯಾಯ.

"ಟವೆಲು ಮೈಮೇಲೆ ಇರೋದು ಎಷ್ಟ್ ಹೊತ್ತೇ? ಜೋರಾಗಿ ಕೊಡವಿದ್ರೆ ಮೊಟ್ಟೆಯೂ ಇಲ್ಲ ಗಿಟ್ಟೆಯೂ ಇಲ್ಲ," ಅನ್ನುತ್ತಿದ್ದಳು. ಬೇಸಿಗೆಯಲ್ಲಿ ಅದು ನಡೆಯುತ್ತಿತ್ತು, ನೆರಳಲ್ಲೂ ಬೇಗ ಒಣಗುತ್ತಿತ್ತು. ಹೀಗಾಗಿ ಅವಳು ಹೇಳಿದ್ದೇ ಶಾಸನವಾಯಿತು.

ಅವಳ ಮಗಳು ತಿಯಾಮಿಕೆ. ಅಳಿಯ ಲಾಸ್ಟನ್, ಥ್ಯೋಲೊ ಕಡೆಯ ಚಹಾ ಗುಡ್ಡಗಳ ಹುಡುಗ. ನಮ್ಮಲ್ಲಿ ಹೆಣ್ಣು ಗಂಡನ ಮನೆಗೆ ಹೋಗುವುದಿಲ್ಲ, ಗಂಡೇ ಹೆಂಡತಿಯ ತಾಯಿಯ ಅಂಗಳಕ್ಕೆ ಬರುತ್ತಾನೆ. ಮನೆಅಳಿಯ ಅಂದಮೇಲೆ ಬಾಲ ಮಡಚಿಕೊಂಡೇ ಇರಬೇಕು. ಅತ್ತೆಯ ಮುಖ ನೋಡಿ ಮಾತಾಡುವಂತಿಲ್ಲ, ಒಂದೇ ಚಾಪೆಯಲ್ಲಿ ಕೂರುವಂತಿಲ್ಲ, ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಇಳಿಯಬೇಕು. ಹೇಳುವುದೇನಿದ್ದರೂ ನಡುವೆ ಒಬ್ಬರ ಬಾಯಿ ಬೇಕು. ಲಾಸ್ಟನ್ ಸೈಕಲ್ ಟ್ಯಾಕ್ಸಿ ಓಡಿಸುತ್ತಿದ್ದ, ಹಿಂದಿನ ಸೀಟಿನ ಮೇಲೆ ಜನರನ್ನು ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೂ ಮಾರ್ಕೆಟ್ಟಿಗೂ ಬಿಡುವುದು. ದಿನಾ ಬೆಳಿಗ್ಗೆ ಅಂಗಳದಲ್ಲಿ ಕೂತು ತನ್ನ ಬಿಳಿ ಅಂಗಿಗೂ ಕೂಸಿನ ಬಟ್ಟೆಗೂ ತಾನೇ ಇಸ್ತ್ರಿ ಹಾಕುತ್ತಿದ್ದ. ಕೇರಿಯ ಗಂಡಸರು ನಗುತ್ತಿದ್ದರು. ಅವನು ಅವರ ಜೊತೆಗೇ ನಗುತ್ತಿದ್ದ, ಕೆಂಡ ಊದುವುದನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಟವೆಲುಗಳು ಹಗ್ಗದ ಮೇಲೆ ತೂಗಿದ್ದೇ ತೂಗಿದ್ದು, ಮೈ ಒಣಗಿದರೂ ಎರಡು ಪದರದ ಕುಲಾವಿ ತೇವವಾಗಿಯೇ ಇರುತ್ತಿತ್ತು. ಒಂದು ಬೆಳಿಗ್ಗೆ ನಾನು ಬೇಲಿ ಹತ್ತಿರ ನಿಂತಿದ್ದೆ. ತಿಯಾಮಿಕೆ ಕೂಸನ್ನು ಸೊಂಟಕ್ಕಿಟ್ಟುಕೊಂಡು ತಾಯಿಯ ಹತ್ತಿರ ಬಂದಳು.

"ಅಮ್ಮ, ಅವರು ಕೇಳ್ತಿದಾರೆ, ಟವೆಲಿಗೂ ಒಂದ್ಸಲ ಇಸ್ತ್ರಿ ಹಾಕ್ಲಾ ಅಂತ. ಕುಲಾವಿ ಒಳಗೆ ಒಣಗಿಲ್ವಂತೆ."

ಕೇಳಿದವನು ಅಲ್ಲೇ, ಬೆನ್ನು ತಿರುಗಿಸಿ ಕೂತಿದ್ದ.

"ಹೇಳು ಅವರಿಗೆ," ಎಂದಳು ಎನೆಲೆಸಿ, ಇಡೀ ಕೇರಿಗೆ ಕೇಳುವ ಹಾಗೆ. "ಟವೆಲಿನ ವಿಷಯ ನಾನು ಅವರಿಗೆ ಕಲಿಸ್ಬೇಕೋ, ಅವರು ನನಗೆ ಕಲಿಸ್ತಾರೋ? ಅಂಗಿಗೆ ಹಾಕ್ಕೊಳ್ಳಲಿ, ಬೇಕಾದ್ರೆ ಸೈಕಲ್ಲಿಗೂ ಹಾಕ್ಕೊಳ್ಳಲಿ. ನನ್ ಮೊಮ್ಮಗಳ ಟವೆಲಿಗೆ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಿದ್ರೆ ಚೆನ್ನಾಗಿರಲ್ಲ."

ತಿಯಾಮಿಕೆ ಹೋಗಿ ಹೇಳುವ ಅಗತ್ಯವೇ ಬೀಳಲಿಲ್ಲ. ಅವನು ಕೆಂಡ ಚೆಲ್ಲಿ, ಸೈಕಲ್ ಹತ್ತಿ ಹೋದ.

ಅದಾದ ಸ್ವಲ್ಪ ದಿನಕ್ಕೆ ಕೂಸು ತಲಂದಿರಾಳ ನೆತ್ತಿಯ ಮೇಲೆ ಕೆಂಪು ಗುಳ್ಳೆ ಕಾಣಿಸಿತು. ಗುಳ್ಳೆ ಕುರುವಾಯಿತು. ಒಂದಲ್ಲ, ನೆತ್ತಿಯ ಸುತ್ತ ಅಲ್ಲೊಂದು ಇಲ್ಲೊಂದು. ಕೂಸು ಮೊದಲು ಕಿರುಚಿತು, ಆಮೇಲೆ ಮೈ ಸುಡತೊಡಗಿತು, ಆಮೇಲೆ ಮೊಲೆ ಬಾಯಿಗಿಟ್ಟರೆ ಮುಖ ತಿರುಗಿಸಿತು. ಎನೆಲೆಸಿ ಅಂಗಡಿ ಹಾಸುವುದನ್ನೇ ಬಿಟ್ಟಳು. ಅವಳ ಅಣ್ಣ ವಿಲಿಸೋನಿ ಬಂದ. ನಮ್ಮಲ್ಲಿ ಹೆಣ್ಣಿನ ಮದುವೆಗೆ ಹೊಣೆ ನಿಲ್ಲುವವನು ಸೋದರಮಾವ. ಮದುವೆ ಮಾಡುವುದೂ ಮುರಿಯುವುದೂ ಅವನ ಕೈಯಲ್ಲೇ.

ವಿಲಿಸೋನಿ ಕೂಸಿನ ತಲೆ ನೋಡಿ ನಾಲಿಗೆ ಲೊಚಗುಟ್ಟಿದ. "ಬೆನ್ನಿಗೆ ಬಂದಿದ್ರೆ ನೊಣ ಅನ್ಬಹುದಿತ್ತು. ತೊಡೆಗೆ ಬಂದಿದ್ರೂ ಅನ್ಬಹುದಿತ್ತು. ನೆತ್ತಿಗೆ ಬಂತು ಅಂದ್ರೆ ತಂದೆ ತಲೆ ತಗ್ಗಿಸೋ ಕೆಲಸ ಮಾಡಿದಾನೆ ಅಂತಲೇ ಅರ್ಥ. ಹೊರಗೆ ಹೆಣ್ಣು ಮುಟ್ಟಿ ಬಂದು ಕೂಸು ಎತ್ತಿಕೊಂಡಿದಾನೆ."

ಅದನ್ನು ನಾವು ತ್ಸೆಂಪೊ ಅನ್ನುತ್ತೇವೆ. ಹಾಲು ಕುಡಿಯುವ ಕೂಸಿರುವಾಗ ತಂದೆ ಹೊರಗೆ ಜಾರಿದರೆ ಅದು ಕೂಸಿಗೆ ತಟ್ಟುತ್ತದೆ. ತಪ್ಪು ಮಾಡಿದವನು ಒಪ್ಪಿಕೊಂಡರೆ ಔಷಧಿ ಹತ್ತುತ್ತದೆ. ಒಪ್ಪದೆ ಆಸ್ಪತ್ರೆಯ ಸೂಜಿ ಚುಚ್ಚಿಸಿದರೆ ಕೂಸು ಉಳಿಯುವುದಿಲ್ಲ. ನಾನೂ ಇದನ್ನು ಕೇಳಿಕೊಂಡೇ ಬೆಳೆದವಳು. ವಿಲಿಸೋನಿ ಯಾರ ಹತ್ತಿರವೋ ಕರಿ ಪುಡಿ ತಂದು ಕೂಸಿನ ತಲೆಗೆ ದಪ್ಪಗೆ ತಿಕ್ಕಿ, ಉಣ್ಣೆ ಟೋಪಿ ಕಟ್ಟಿ, ಎರಡೂ ಕಡೆಯವರು ಕೂತು ಮಾತಾಡುವ ತನಕ ಯಾರೂ ಬಿಚ್ಚಕೂಡದೆಂದ.

"ಎನೆಲೆಸಿ, ಒಂದ್ಸಲ ಆಸ್ಪತ್ರೆಗೆ ತೋರಿಸ್ಬಾರ್ದೇನೇ?" ಎಂದು ನಾನು ಕೇಳಿದೆ. "ಲಾಸ್ಟನ್ ಸೈಕಲ್ ತಂದು ಬಾಗಿಲಲ್ಲೇ ನಿಲ್ಸಿದಾನೆ."

ಅವಳು ನನ್ನ ಮೇಲೆ ಹರಿಹಾಯ್ದಳು. "ನನ್ನ ಚೊಚ್ಚಲು ಕೂಸು ಹೇಗೆ ಹೋಯ್ತು ಮರೆತ್ಯಾ? ಅದರಪ್ಪ ಜೋಸಾಮು ಕಡೇತನಕ ಇಲ್ಲ ಇಲ್ಲ ಅಂದ. ಬಾಯಿ ಬಿಡದೇನೇ ನನ್ ಕೂಸನ್ನ ಮಣ್ಣು ಮಾಡ್ದ. ಅವನು ಒಪ್ಕೊಂಡಿದ್ರೆ ಅದು ಇವತ್ತು ನಾಕ್ ಮಕ್ಕಳ ತಾಯಿ ಆಗಿರೋದು. ಇನ್ನೊಂದು ಸಲ ನಾನು ಮೋಸ ಹೋಗಲ್ಲ ಫೈನೆಸಿ, ಹೋಗಲ್ಲ."

ಮರೆತಿರಲಿಲ್ಲ. ಜೋಸಾಮುವನ್ನು ಅವಳ ಕಡೆಯವರು ಚಾಪೆ ಸಮೇತ ಹೊರಗೆ ಹಾಕಿದ್ದನ್ನೂ ನಾನೇ ನೋಡಿದ್ದೆ. ಆಮೇಲೆ ಬಂದ ಇನ್ನೊಬ್ಬ ಗಂಡನಿಗೆ ತಿಯಾಮಿಕೆ ಹುಟ್ಟಿದಳು, ಅವನು ಜ್ವರದಲ್ಲಿ ತೀರಿಕೊಂಡ. ಜೋಸಾಮು ಈಗಲೂ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಾನೆ. ಎನೆಲೆಸಿ ಆ ಕಡೆಯಿಂದ ಬಸ್ಸು ಹತ್ತುವುದಿಲ್ಲ.

ಭಾನುವಾರ ಬೆಳಿಗ್ಗೆ ಮಾವಿನ ಮರದ ಕೆಳಗೆ ಸೇರಿದರು. ಟವೆಲುಗಳ ಹಗ್ಗ ಬಿಚ್ಚಿ ಜಾಗ ಮಾಡಿದ್ದರು. ಒಂದು ಕಡೆ ವಿಲಿಸೋನಿ, ಎದುರಿಗೆ ಥ್ಯೋಲೊದಿಂದ ಬಂದ ಲಾಸ್ಟನ್ನನ ಸೋದರಮಾವ ಬೈಟನ್, ನಡುವಿನ ಚಾಪೆಯ ಮೇಲೆ ಲಾಸ್ಟನ್ ಒಬ್ಬನೇ. ಬಿಳಿ ಅಂಗಿಗೆ ಆವತ್ತೂ ಇಸ್ತ್ರಿ ಹಾಕಿದ್ದ. ತಿಯಾಮಿಕೆ ಹೆಂಗಸರ ನಡುವೆ ಮುಖ ಮುಚ್ಚಿಕೊಂಡು ಕೂತಿದ್ದಳು. ಎನೆಲೆಸಿ ಜಗುಲಿಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡಿದ್ದಳು, ನಾನು ಅವಳ ಪಕ್ಕ. ಕೂಸು ಅಳುವುದನ್ನೂ ಬಿಟ್ಟು ಕುಂಯ್ ಅನ್ನುತ್ತಿತ್ತು, ನನಗೆ ಅದೇ ಹೆದರಿಕೆ.

"ನೋಡಪ್ಪ ಲಾಸ್ಟನ್," ಎಂದು ವಿಲಿಸೋನಿ ಶುರುಮಾಡಿದ. "ಹೊಡಿಯಕ್ಕೆ ಕರೆದಿಲ್ಲ. ಒಪ್ಕೋ, ಔಷಧಿ ಹತ್ತುತ್ತೆ, ಮಗು ಉಳಿಯುತ್ತೆ. ಆಮೇಲೆ ನಿನ್ ಸೈಕಲ್ ತಗೊಂಡು ನಿನ್ ದಾರಿ ನೋಡ್ಕೋ. ಈ ಅಂಗಳಕ್ಕೂ ನಿನಗೂ ಆಯ್ತು."

"ನಾನು ಯಾರನ್ನೂ ಮುಟ್ಟಿಲ್ಲ ಮಾವ."

"ದಿನಾ ಹೆಂಗಸರನ್ನ ಬೆನ್ನಿಗೆ ಅಂಟಿಸ್ಕೊಂಡು ತಿರುಗ್ತೀಯಲ್ಲಪ್ಪ!"

"ಮಾರ್ಕೆಟ್ ಗುಡ್ಡ ಹತ್ತೋವಾಗ ಉಸಿರಾಡಕ್ಕೇ ಆಗಲ್ಲ ಮಾವ. ಇನ್ನು ಸರಸ ಆಡಕ್ಕೆ ಆಗುತ್ತಾ?"

ಹಿಂದೆ ಯಾರೋ ಕಿಸಕ್ಕೆಂದರು. ವಿಲಿಸೋನಿ ಕಣ್ಣು ಬಿಟ್ಟ, ನಗು ನಿಂತಿತು. ಬೈಟನ್ ಮೆಲ್ಲಗೆ, "ನಮ್ ಹುಡುಗ ಇಲ್ಲ ಅಂತಿದಾನೆ. ಮಗುನ ಮೊದಲು ಆಸ್ಪತ್ರೆಗೆ ತೋರ್ಸೋಣ. ಮಾತು ನಾಳೆನೂ ಆಡಬಹುದು," ಎಂದ.

ಎನೆಲೆಸಿ ಜಗುಲಿಯಿಂದಲೇ ಕೂಗಿದಳು. "ಅಣ್ಣ, ಹೇಳು ಅವರಿಗೆ! ಮೊದಲು ಬಾಯಿ ಬಿಡ್ಲಿ, ಆಮೇಲೆ ಸೂಜಿ. ಮುಚ್ಚಿಟ್ಕೊಂಡು ಸೂಜಿ ಚುಚ್ಚಿಸಿ ನನ್ ಮೊಮ್ಮಗಳನ್ನ ಕೊಲ್ಲಕ್ಕೆ ನಾನು ಬಿಡಲ್ಲ."

ಅಷ್ಟರಲ್ಲಿ ಕೂಸಿನ ಕುಂಯ್ ಅನ್ನುವುದೂ ನಿಂತಿತು. ನಿದ್ದೆಯೋ ಮತ್ತೊಂದೋ ತಿಳಿಯಲಿಲ್ಲ. ಲಾಸ್ಟನ್ ತಲೆ ಎತ್ತಿ ಜಗುಲಿಯ ಕಡೆ ನೋಡಿದ, ಅತ್ತೆಯನ್ನಲ್ಲ, ಆ ಉಣ್ಣೆ ಟೋಪಿಯನ್ನು. ನೋಡುತ್ತಲೇ ಇದ್ದ. ಆಮೇಲೆ ಎರಡೂ ಕೈ ನೆಲಕ್ಕೂರಿದ.

"ಹೌದು," ಎಂದ. "ನಾನು ತಪ್ಪು ಮಾಡಿದೀನಿ. ಒಪ್ಕೊಂಡೆ. ಈಗ ಮಗುಗೆ ಔಷಧಿ ಕೊಡಿ."

ತಿಯಾಮಿಕೆ ಚೀರಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಸುಳ್ಳು ಹೇಳುವವರ ಮುಖವನ್ನು ನಾನು ದಿನಾ ಮಾರ್ಕೆಟ್ಟಿನಲ್ಲಿ ನೋಡುತ್ತೇನೆ, ಹಳೆ ಮೀನನ್ನು ನಿನ್ನೆ ಒಣಗಿಸಿದ್ದು ಅಂತ ನಾನೇ ಎಷ್ಟೋ ಸಲ ಹೇಳಿದ್ದೇನೆ. ಆ ಹುಡುಗ ಹೇಳಿದ್ದು ಸುಳ್ಳೆಂದು ನನಗೆ ಅಲ್ಲೇ ಗೊತ್ತಾಯಿತು. ಆದರೆ ಮಗು ಉಳಿಯಲಿ ಅಂತ ಹೇಳಿದ ಸುಳ್ಳನ್ನು ಯಾವ ಬಾಯಲ್ಲಿ ಸುಳ್ಳು ಅನ್ನಲಿ?

ವಿಲಿಸೋನಿಗೆ ಅಷ್ಟಕ್ಕೇ ಸಾಲಲಿಲ್ಲ. "ಯಾರು ಅವಳು? ಹೆಸರು ಹೇಳು. ಅವಳೂ ಬಂದು ಔಷಧಿ ನೀರಿಗೆ ಕೈ ಅದ್ದಬೇಕು. ಇಲ್ಲದಿದ್ರೆ ಹತ್ತಲ್ಲ."

ಲಾಸ್ಟನ್ ಅಂಗಳದ ಸುತ್ತ ಕಣ್ಣಾಡಿಸಿದ. ಹೆಸರು ಎಲ್ಲಿಂದ ತರುತ್ತಾನೆ ಪಾಪ? ಅಂಗಳದಲ್ಲಿ ಕೂತಿದ್ದ ಹೆಂಗಸರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು. ಅವನ ಸೈಕಲ್ ಹತ್ತದವರು ಯಾರಿದ್ದರು ಅಲ್ಲಿ? ಅವನ ಬಾಯಿಂದ ಯಾರ ಹೆಸರು ಬಿದ್ದರೂ ಇವತ್ತೇ ಒಂದು ಮನೆ ಒಡೆಯುತ್ತದೆ. ಎದುರುಮನೆಯ ಮಗಳು ಮೆಲ್ಲಗೆ ಎದ್ದು ಹೊರಟೇಹೋದಳು.

"ಹೆಸರು ಆಮೇಲೆ ಕೇಳ್ಕೊಳ್ಳಿ! ಒಪ್ಕೊಂಡಾಯ್ತಲ್ಲ, ಮಗು ಮೊದಲು," ಎಂದು ಎನೆಲೆಸಿ ಎದ್ದಳು. ಜಗುಲಿಯ ಹಿಂದೆ ಔಷಧಿ ಸೊಪ್ಪು ಹಾಕಿ ಕಾಯಿಸಿದ ನೀರಿತ್ತು. ಅವಳು ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿ, ಟೋಪಿ ಬಿಚ್ಚಿದಳು. ನಾನು ನೀರು ಹೊಯ್ದೆ. ಕರಿ ಪುಡಿ ಕರಗಿ ಕರಗಿ ಹೋಯಿತು. ಕೂಸು ನೀರಿಗೆ ಎಚ್ಚೆತ್ತು ಅತ್ತಿತು. ಅಳು ಕೇಳಿ ನನಗೆ ಜೀವ ಬಂತು.

ಹಳದಿ ಟವೆಲಿನ ಕುಲಾವಿಯನ್ನು ತಲೆಗೆ ಹಾಕಿ ಎನೆಲೆಸಿ ಹೆಬ್ಬೆರಳಿನಿಂದ ನೆತ್ತಿಯನ್ನು ಮೆಲ್ಲಗೆ ಒತ್ತಿ ಒರೆಸತೊಡಗಿದಳು. ಅವಳು ಯಾವಾಗಲೂ ಹಾಗೇ ಒರೆಸುವುದು. ಹೆಬ್ಬೆರಳು ಅಲ್ಲೇ ನಿಂತಿತು. ಇನ್ನೊಮ್ಮೆ ಒತ್ತಿದಳು. ಕುಲಾವಿ ಸರಿಸಿ, ಕೂಸಿನ ತಲೆಯನ್ನು ಬೆಳಕಿಗೆ ಹಿಡಿದಳು.

ಪುಡಿ ತೊಳೆದುಹೋಗಿ ನೆತ್ತಿ ಸ್ವಚ್ಛವಾಗಿತ್ತು. ಒಂದೊಂದು ಕುರುವಿನ ತುದಿಗೂ ಸೂಜಿಮೊನೆಯಷ್ಟು ತೂತು. ತೂತಿನೊಳಗೆ ಬೆಳ್ಳಗೆ ಏನೋ ಮೇಲೆ ಬಂತು, ಕೆಳಗೆ ಹೋಯಿತು.

ನಮ್ಮಿಬ್ಬರಿಗೂ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಳ. ಇಸ್ತ್ರಿ ಕಾಣದ ಬಟ್ಟೆಯ ಹುಳ. ಕೂಸಿನ ಮೈಗೆ ತಾಗುವ ಬಟ್ಟೆಯಲ್ಲೆಲ್ಲ ಇಸ್ತ್ರಿ ಕಾಣದ್ದು ಒಂದೇ ಒಂದಿತ್ತು, ಅದು ಅವಳ ಕೈಯಲ್ಲೇ ಇತ್ತು. ಎನೆಲೆಸಿ ಕೂಸಿನ ತಲೆ ನೋಡಿದಳು, ಟವೆಲು ನೋಡಿದಳು, ನನ್ನನ್ನು ನೋಡಿದಳು.

"ಫೈನೆಸಿ," ಎಂದು ಪಿಸುಗುಟ್ಟಿದಳು. "ಮಾತಾಡ್ಬೇಡ. ಒಂದ್ ಗಳಿಗೆ ಮಾತಾಡ್ಬೇಡ."

ಅವಳೇನು ಯೋಚಿಸುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಕುಲಾವಿ ಎಳೆದು ಮುಚ್ಚಿದರೆ ಮುಗಿಯಿತು. ಒಳಗೆ ಕರೆದುಕೊಂಡು ಹೋಗಿ ವ್ಯಾಸಲೀನ್ ಸವರಿದರೆ ಹುಳ ಉಸಿರುಗಟ್ಟಿ ಹೊರಗೆ ಬರುತ್ತದೆ. ಕೂಸು ಉಳಿಯುತ್ತದೆ. ಒಪ್ಪಿಕೊಂಡದ್ದರಿಂದ ಉಳಿಯಿತೆಂದು ಎಲ್ಲರೂ ನಂಬುತ್ತಾರೆ. ಅಳಿಯ ಸೈಕಲ್ ತಳ್ಳಿಕೊಂಡು ಹೋಗುತ್ತಾನೆ. ಎನೆಲೆಸಿಯ ಟವೆಲು ಬೆಕ್ಕಿನ ಮರಿಯಾಗಿಯೇ ಇರುತ್ತದೆ. ಇದ್ದದ್ದನ್ನು ಹೇಳಿದರೋ, ನಾಳೆಯಿಂದ ಮಾರ್ಕೆಟ್ಟಿನಲ್ಲಿ ಅವಳ ಹಾಳೆಯ ಮುಂದೆ ಯಾರು ನಿಲ್ಲುತ್ತಾರೆ? ಅಜ್ಜಿಯೇ ಮೊಮ್ಮಗಳ ತಲೆಗೆ ಹುಳ ಸುತ್ತಿದಳು ಅನ್ನುತ್ತಾರೆ ಜನ. ನನಗೆ ಅವಳನ್ನು ಅಲ್ಲಾಡಿಸಿ ಕೂಗಬೇಕೆನಿಸಿತು. ಅವಳ ಕೈ ಹಿಡಿದು ಸುಮ್ಮನಿರು ಅನ್ನಬೇಕೆಂದೂ ಅನಿಸಿತು, ಸುಳ್ಳೇಕೆ ಹೇಳಲಿ.

ಅಂಗಳದಲ್ಲಿ ವಿಲಿಸೋನಿ ಗದರುತ್ತಿದ್ದ. "ಹೆಸರು! ನಿನ್ ಮಗು ಸಾಯ್ಲಿ ಅಂತ ಕೂತಿದೀಯಾ? ಹೆಸರು ಹೇಳೋ!"

ಲಾಸ್ಟನ್ನನ ಒಡೆದ ದನಿ ಕೇಳಿತು. "ಹೇಳ್ತೀನಿ ಮಾವ. ಅವಳ ಹೆಸರು..."

"ನಿಲ್ಲಿ!"

ಎನೆಲೆಸಿ ಕೂಸನ್ನು ಎದೆಗೆ ಅವಚಿಕೊಂಡು ನಡೆದೇಬಿಟ್ಟಳು. ನಾನು ಮಿಂದ ಕೂಸಿಗೆ ಸವರಲು ಇಟ್ಟಿದ್ದ ವ್ಯಾಸಲೀನ್ ಡಬ್ಬಿ ಹಿಡಿದು ಹಿಂದೆ ಓಡಿದೆ. ಅವಳು ಹೆಂಗಸರ ಕಡೆಗೆ ಹೋಗಲಿಲ್ಲ. ಹೋಗಿ ಅಳಿಯ ಕೂತ ಚಾಪೆಯ ಮೇಲೇ, ಅವನೆದುರಿಗೇ ಕೂತಳು. ಅವನು ಬೆಚ್ಚಿ ಹಿಂದೆ ಸರಿದ. "ಅಯ್ಯಯ್ಯೋ, ತಲೆ ಕೆಟ್ಟಿದೆಯಾ ಇವಳಿಗೆ?" ಎಂದು ಮುದುಕಿಯೊಬ್ಬಳು ಬಾಯಿಗೆ ಕೈ ಇಟ್ಟುಕೊಂಡಳು.

ಎನೆಲೆಸಿ ಟವೆಲನ್ನು ತೊಡೆಯ ಮೇಲೆ ಹಾಸಿ, ಕೂಸಿನ ತಲೆಯನ್ನು ಅದರ ಮೇಲಿಟ್ಟು, ಕುರುಗಳ ಬಾಯಿಗೆ ವ್ಯಾಸಲೀನ್ ದಪ್ಪಗೆ ಮೆತ್ತಿದಳು. ಎಲ್ಲರೂ ಕತ್ತು ಚಾಚಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವಳು ಎರಡು ಹೆಬ್ಬೆರಳಿಟ್ಟು ಒತ್ತಿದಳು, ಕೂಸು ಕಿರುಚಿತು, ಅಕ್ಕಿ ಕಾಳಿಗಿಂತ ದಪ್ಪನೆಯ ಬಿಳಿ ಹುಳ ಹಳದಿ ಟವೆಲಿನ ಮೇಲೆ ಬಿದ್ದು ಒದ್ದಾಡಿತು.

"ಹೆಸರು ಕೇಳ್ತಿದ್ಯಲ್ಲ ಅಣ್ಣ?" ಎಂದಳು ಎನೆಲೆಸಿ. "ಇಗೋ, ಇವಳೇ. ಇವಳನ್ನ ಮನೆಗೆ ಕರ್ಕೊಂಡು ಬಂದೋಳು ನಾನು."

ವಿಲಿಸೋನಿ ಬಗ್ಗಿ ನೋಡಿದ. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಅಲ್ಲ... ಅವನೇ ಒಪ್ಕೊಂಡನಲ್ಲ!"

"ಕೂಸು ಉಳೀಲಿ ಅಂತ ಒಪ್ಕೊಂಡ್ರು. ಮಾಡದ್ದನ್ನ ಒಪ್ಕೊಂಡ್ರು. ಟವೆಲಿಗೆ ಇಸ್ತ್ರಿ ಹಾಕ್ತೀನಿ ಅಂತ ಹೇಳಿ ಕಳಿಸಿದ್ರು, ನಾನು ಬೈದು ಓಡಿಸ್ದೆ. ಅಣ್ಣ, ಮೊಸರು ತಿಂದ ಕೋತಿ ನಾನು, ಮೇಕೆ ಬಾಯಿಗೆ ಒರೆಸ್ದೆ. ಎಲ್ಲರೂ ನೋಡ್ಕೊಳ್ಳಿ. ಯಾರ್ಯಾರ ಮನೇಲಿ ನನ್ ಟವೆಲಿದೆ, ಇವತ್ತೇ ಇಸ್ತ್ರಿ ಹಾಕಿ."

ಅವಳು ಅಳುತ್ತಿದ್ದಳು, ಅಳುತ್ತಲೇ ಇನ್ನೊಂದನ್ನು ತೆಗೆದಳು. ಉಳಿದವು ಆಳದಲ್ಲಿದ್ದವು, ಸುತ್ತ ಕೀವಾಗಿ ಊದಿತ್ತು, ಬರಲೊಲ್ಲವು. ಕೂಸಿನ ಮೈ ಕೆಂಡ. ಅವಳು ತಲೆ ಎತ್ತಿದಳು. ಮದುವೆಯಾದಾಗಿನಿಂದ ಒಂದು ಸಲವೂ ನೋಡದ ಅಳಿಯನ ಮುಖವನ್ನು ನೇರ ನೋಡಿದಳು.

"ಸೈಕಲ್ ತೆಗೀರಿ," ಎಂದಳು. "ಆಸ್ಪತ್ರೆಗೆ ಹೋಗೋಣ."

ಲಾಸ್ಟನ್ ಒಂದು ಗಳಿಗೆ ಏನು ಮಾಡಬೇಕೋ ತಿಳಿಯದೆ ತನ್ನ ಮಾವ ಬೈಟನ್ನನ ಕಡೆ ನೋಡಿದ. "ಏಳೋ ಮಾರಾಯ, ಅತ್ತೆ ಹೇಳ್ತಿರೋದು ನಿನಗೇ!" ಎಂದ ಬೈಟನ್.

ತಿಯಾಮಿಕೆ ಕೂಸನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಎನೆಲೆಸಿ ತನ್ನ ಲಂಗದ ಮೇಲೆ ಸೊಂಟಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೂಸಿಗೆ ಹೊದಿಸಿದಳು, ಆ ಹಳದಿ ಟವೆಲನ್ನಲ್ಲ. ಮಳೆಗೆ ದಾರಿಯೆಲ್ಲ ಕೆಸರು. ಮಾರ್ಕೆಟ್ ಗುಡ್ಡದ ಬುಡದಲ್ಲಿ ಸೈಕಲ್ ನಿಂತೇಹೋಯಿತು, ಅವನು ಪೆಡಲಿನ ಮೇಲೆ ಎದ್ದು ನಿಂತರೂ ಚಕ್ರ ಕದಲಲಿಲ್ಲ. ಆಗ ಎನೆಲೆಸಿ ಹಿಂದಿನಿಂದ ಓಡಿಬಂದು ಸೀಟಿಗೆ ಎರಡೂ ಕೈ ಕೊಟ್ಟು ತಳ್ಳಿದಳು. ಬರೀ ಲಂಗದಲ್ಲಿ, ಬರಿಗಾಲಲ್ಲಿ, "ತುಳೀರಿ! ನಾನಿದೀನಿ, ತುಳೀರಿ!" ಎಂದು ಕೂಗುತ್ತಾ ಗುಡ್ಡದ ತುದಿಯ ತನಕ ತಳ್ಳಿದಳು. ಚರ್ಚಿನಿಂದ ಬರುತ್ತಿದ್ದವರು ನಿಂತು ನೋಡಿದರು. ನೋಡಲಿ ಬಿಡಿ. ಹಿಂದೆ ಏದುಸಿರು ಬಿಡುತ್ತಾ ಓಡುತ್ತಿದ್ದ ನನಗೆ ಅವತ್ತು ಅವಳ ಮೇಲೆ ಎಷ್ಟು ಸಿಟ್ಟು ಬಂದಿತ್ತೋ ಅಷ್ಟೇ ಪ್ರೀತಿ ಬಂತು.

ತಲಂದಿರಾ ಉಳಿದಳು. ಆಸ್ಪತ್ರೆಯಲ್ಲಿ ಉಳಿದ ಹುಳ ತೆಗೆದು ಔಷಧಿ ಕೊಟ್ಟರು. ನೆತ್ತಿಯ ಮೇಲೆ ಕೂದಲು ಬರದ ಒಂದೆರಡು ಚುಕ್ಕೆ ಇವೆ, ಅಷ್ಟೇ. ವಿಲಿಸೋನಿ ತಿಂಗಳುಗಟ್ಟಲೆ ತಂಗಿಯ ಮನೆ ಕಡೆ ತಲೆ ಹಾಕಲಿಲ್ಲ.

ಈಗ ಎನೆಲೆಸಿಯ ಹಾಳೆಯ ಪಕ್ಕ ಇದ್ದಿಲ ಇಸ್ತ್ರಿ ಪೆಟ್ಟಿಗೆಯೊಂದು ಇರುತ್ತದೆ. ಟವೆಲನ್ನು ಬಿಸಿಲಿಗೇ ಹಾಕುತ್ತಾಳೆ, ಕುಲಾವಿಯನ್ನು ಒಳಹೊರಗು ತಿರುಗಿಸಿ ಒಣಗಿಸುತ್ತಾಳೆ, ಕೊಳ್ಳುವವಳ ಕಣ್ಣೆದುರೇ ಎರಡೂ ಪದರಕ್ಕೆ ಪೆಟ್ಟಿಗೆ ಒತ್ತುತ್ತಾಳೆ. ಗಿರಾಕಿಗಳು ಕಡಿಮೆಯಾದರು. "ಮೊದಲಿನ ಹಾಗೆ ಮೆತ್ತಗಿಲ್ವಲ್ಲ ಅಮ್ಮ?" ಅಂದರೆ, "ಇಲ್ಲ ಕಣೇ. ಮೆತ್ತಗಿದ್ದಾಗ ಏನಾಯ್ತು ಅಂತ ಹೇಳ್ಲಾ?" ಎಂದು ಕೂರಿಸಿಕೊಂಡು ಎಲ್ಲವನ್ನೂ ಹೇಳುತ್ತಾಳೆ. ಹೇಳಬೇಡ, ವ್ಯಾಪಾರ ಕೆಡುತ್ತದೆ ಎಂದು ನಾನು ಬಡಕೊಂಡರೂ ಕೇಳುವುದಿಲ್ಲ. ಮನೆಯಲ್ಲಿ ಕೂಸಿನ ಟವೆಲಿನ ಇಸ್ತ್ರಿ ಲಾಸ್ಟನ್ನನದು. ಅತ್ತೆ ಅಳಿಯ ಇಬ್ಬರೂ ಮತ್ತೆ ಮುಖ ನೋಡದ ಪದ್ಧತಿಗೇ ಹೋದರು, ಆದರೆ ಬೆಳಿಗ್ಗೆ ಪೆಟ್ಟಿಗೆಗೆ ಕೆಂಡ ತುಂಬಿ ಅವನ ಜಾಗದಲ್ಲಿ ಇಟ್ಟಿರುವವಳು ಅವಳೇ.

ಮೊನ್ನೆ ಮಧ್ಯಾಹ್ನ ನಾವು ಉಣ್ಣುತ್ತಿದ್ದೆವು. ಅವಳ ಕೈ ತಟ್ಟೆಯಲ್ಲೇ ನಿಂತಿತು.

"ಫೈನೆಸಿ, ಆಗ ನನ್ ಚೊಚ್ಚಲು ಕೂಸಿಗೆ ಬೆನ್ನ ತುಂಬ ಕುರು ಇತ್ತು. ಆ ಸಲಾನೂ ಮಳೆ ಬಿಟ್ಟಿರಲಿಲ್ಲ. ನಿನಗೆ ನೆನಪಿದೆಯಾ, ಅದಕ್ಕೂ ಪುಡಿ ಹಚ್ಚಿದ್ರು?"

ನೆನಪಿತ್ತು. ಹಾಗೇ ಹೇಳಿದೆ.

"ಜೋಸಾಮು ಕಡೇತನಕ ಇಲ್ಲ ಅಂದ," ಎಂದಳು. "ಇಲ್ಲದೇ ಇದ್ದಿದ್ದಕ್ಕೇ ಇಲ್ಲ ಅಂದ್ನೇನೋ ಕಣೇ. ನಾನು ಅವನ ಮುಖಕ್ಕೆ ಉಗಿದು ಕಳಿಸ್ದೆ."

ಕೈ ತೊಳೆದುಕೊಂಡು ಎದ್ದಳು. ಹಾಳೆ ನೋಡಿಕೊಂಡಿರು ಎಂದಳು. ರಾಶಿಯಿಂದ ಒಂದು ಟವೆಲು ಎತ್ತಿ, ಯಾಕೆ ಎತ್ತಿದೆನೆಂದು ತಾನೇ ಗಾಬರಿಯಾಗಿ, ವಾಪಸ್ ಇಟ್ಟಳು. ಮುದುಕನಿಗೆ ಕೂಸಿನ ಟವೆಲು ಯಾತಕ್ಕೆ? ಬರಿಗೈಯಲ್ಲೇ ಜೋಸಾಮು ಕೂರುವ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಸಂಜೆ ಬಂದಾಗ ಅವಳ ಕಾಲಿನ ಹಳೆ ಚಪ್ಪಲಿಗೆ ಹೊಸ ಹೊಲಿಗೆ ಬಿದ್ದಿತ್ತು.